ಕೊಯ್ದ ದಿನವೇ ಫ್ರೀಜರ್‌ಗೆ

ಓದುಗ ಬಂಧುಗಳೇ, ನಮಸ್ಕಾರ.

ಈ ಸಂಚಿಕೆಯ ಪುಟ ಜೋಡಿಸಲು ಕೂತಾಗ ನನ್ನ ಪಕ್ಕದಲ್ಲಿ ಒಂದು ಕಂತೆ ಕೊತ್ತಂಬರಿ ಸೊಪ್ಪಿತ್ತು. ಬೆಳಿಗ್ಗೆ ಹಿತ್ತಿಲಿನಿಂದ ಕಿತ್ತು ತಂದದ್ದು. ಆಗ ಎಲೆಗಳು ನೆಟ್ಟಗೆ ನಿಂತಿದ್ದವು, ಕೋಣೆ ತುಂಬ ಘಮ. ಮಧ್ಯಾಹ್ನಕ್ಕೆ ತುದಿ ಬಾಗಿತು. ಸಂಜೆ ತಿರುಗಿ ನೋಡಿದರೆ ಎಲೆ ಬಾಡಿ ದಂಟಿಗೆ ಅಂಟಿಕೊಂಡಿತ್ತು, ಮೂಗಿನ ಹತ್ತಿರ ಹಿಡಿದರೂ ವಾಸನೆ ಅಷ್ಟಕ್ಕಷ್ಟೇ. ಹತ್ತು ನಿಮಿಷ ಎದ್ದು ಹೋಗಿ ತೊಳೆದು, ಹೆಚ್ಚಿ, ಫ್ರೀಜರ್‌ಗೆ ಹಾಕಿದ್ದರೆ ಅದು ಚಳಿಗಾಲಕ್ಕೆ ಒದಗುತ್ತಿತ್ತು. ಈ ಬಾರಿಯ ಸಂಪಾದಕೀಯ ಇದರ ಬಗ್ಗೆಯೇ ಇರಲಿ ಅಂತ ಅವತ್ತು ರಾತ್ರಿ ತೀರ್ಮಾನ ಮಾಡಿದೆ.

ನಮ್ಮಲ್ಲಿ ತುಂಬ ಜನ ಹಿತ್ತಿಲಲ್ಲೋ ಬಾಲ್ಕನಿಯ ಕುಂಡದಲ್ಲೋ ಏನಾದರೂ ಬೆಳೆಯುತ್ತೇವೆ. ಬೇಸಿಗೆ ಬಂದರೆ ಎಲ್ಲವೂ ಒಟ್ಟಿಗೇ ಕೈಗೆ ಬರುತ್ತದೆ. ಒಂದೇ ವಾರದಲ್ಲಿ ಬೀನ್ಸ್, ಟೊಮ್ಯಾಟೊ, ಪುದೀನ, ಸಬ್ಬಸಿಗೆ. ತಿಂದು ಮುಗಿಯುವುದಿಲ್ಲ. ಅಕ್ಕಪಕ್ಕದವರಿಗೆ ಕೊಟ್ಟರೂ ಮುಗಿಯುವುದಿಲ್ಲ, ಏಕೆಂದರೆ ಅವರ ಹಿತ್ತಿಲಲ್ಲೂ ಅದೇ ಸುಗ್ಗಿ. ಕೊನೆಗೆ ಉಳಿದದ್ದು ಗೊಬ್ಬರದ ಗುಂಡಿಗೆ ಹೋಗುತ್ತದೆ. ಮೂರು ನಾಲ್ಕು ತಿಂಗಳು ನೀರು ಹಾಕಿ, ಕಳೆ ಕಿತ್ತು, ಹುಳ ಆರಿಸಿ ಬೆಳೆಸಿದ್ದು ಕೊನೆಯ ಒಂದು ಗಂಟೆ ಪುರುಸೊತ್ತು ಸಿಗದೆ ಹಾಳಾಗುವುದನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಒಣಗಿಸಬಹುದು, ಉಪ್ಪಿನಲ್ಲಿ ಹಾಕಬಹುದು, ಬಾಟಲಿಗೆ ತುಂಬಬಹುದು. ಎಲ್ಲಕ್ಕೂ ಅದರದರ ಜಾಗ ಇದೆ. ಆದರೆ ಮೆತ್ತನೆ ಎಲೆಯ ಸೊಪ್ಪಿಗೆ ಫ್ರೀಜರ್‌ನಷ್ಟು ಒಳ್ಳೆಯ ದಾರಿ ಇನ್ನೊಂದಿಲ್ಲ ಎನ್ನುವುದು ನನ್ನ ಅನುಭವ. ಒಣಗಿಸಿದ ಕೊತ್ತಂಬರಿ ಸೊಪ್ಪನ್ನು ಮೂಸಿ ನೋಡಿ, ಒಣಹುಲ್ಲಿಗೂ ಅದಕ್ಕೂ ಜಾಸ್ತಿ ವ್ಯತ್ಯಾಸ ಇರುವುದಿಲ್ಲ. ಅದರ ಪರಿಮಳ ಗಾಳಿಗೆ ಹಾರಿಹೋಗುವಂಥದ್ದು. ಒಣಗುವಾಗ ನೀರಿನ ಜೊತೆ ಅದೂ ಹೋಗಿಬಿಡುತ್ತದೆ. ಚಳಿಯಲ್ಲಿ ಹೆಪ್ಪುಗಟ್ಟಿಸಿದರೆ ಗರಿಗರಿ ಹೋಗುತ್ತದೆ ನಿಜ, ಘಮ ಮಾತ್ರ ಬಹುಪಾಲು ಉಳಿಯುತ್ತದೆ.

ಮೊದಲ ವರ್ಷ ನಾನು ಮಾಡಿದ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಅದೇ ತಪ್ಪನ್ನು ಇನ್ನೂ ಹಲವರು ಮಾಡುವುದನ್ನು ನೋಡಿದ್ದೇನೆ. ಎರಡು ಕಿಲೋದಷ್ಟು ಎಳೆ ಬೀನ್ಸ್ ತೊಳೆದು, ಹಸಿಯಾಗಿಯೇ ಒಂದೇ ದೊಡ್ಡ ಚೀಲಕ್ಕೆ ತುಂಬಿ ಫ್ರೀಜರ್‌ನ ಮೂಲೆಗೆ ತಳ್ಳಿದೆ. ಚಳಿಗಾಲದಲ್ಲಿ ತೆಗೆದಾಗ ಅದು ಕಲ್ಲಿನ ಹಾಗೆ ಒಂದೇ ಮುದ್ದೆ. ಬಿಡಿಸಲು ಆಗದೆ ಅಷ್ಟನ್ನೂ ಬೇಯಿಸಬೇಕಾಯಿತು. ಬಣ್ಣ ಮಂಕಾಗಿತ್ತು, ಬಾಯಿಗೆ ನಾರುನಾರು, ಮೇಲೆ ಹುಲ್ಲಿನ ವಾಸನೆ. ಫ್ರೀಜರ್ ಸರಿಯಿಲ್ಲ ಅಂದುಕೊಂಡೆ. ಫ್ರೀಜರ್ ಸರಿಯಾಗಿಯೇ ಇತ್ತು. ಬೀನ್ಸ್‌ನ ಒಳಗೆ ನಡೆಯುತ್ತಿದ್ದ ಕೆಲಸ ನಿಂತಿರಲಿಲ್ಲ, ಅಷ್ಟೇ.

ತರಕಾರಿಯನ್ನು ಗಿಡದಿಂದ ಬಿಡಿಸಿದ ಮೇಲೂ ಅದರೊಳಗಿನ ಕಿಣ್ವಗಳು ಸುಮ್ನೆ ಕೂರುವುದಿಲ್ಲ. ಕಾಯಿ ಬಲಿಯಲು, ಹಣ್ಣಾಗಲು ದುಡಿಯುತ್ತಿದ್ದ ಅವೇ ಕಿಣ್ವಗಳು ಆಮೇಲೆ ಬಣ್ಣ, ರುಚಿ, ಹದ ಎಲ್ಲವನ್ನೂ ಕೆಡಿಸತೊಡಗುತ್ತವೆ. ಚಳಿಯಲ್ಲಿ ಅವುಗಳ ಕೆಲಸ ತುಂಬ ನಿಧಾನವಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ನಿಲ್ಲಿಸುವುದು ಬಿಸಿ. ಅದಕ್ಕೇ ಹೆಚ್ಚಿನ ತರಕಾರಿಗಳನ್ನು ಫ್ರೀಜರ್‌ಗೆ ಹಾಕುವ ಮೊದಲು ಕುದಿಯುವ ನೀರಿನಲ್ಲಿ ಸ್ವಲ್ಪ ಹೊತ್ತು ಮುಳುಗಿಸಿ ತೆಗೆಯಬೇಕು. ಬ್ಲಾಂಚ್ ಮಾಡುವುದು ಅಂದರೆ ಇದೇ.

ಇದನ್ನು ಅವಸರದಲ್ಲಿ ಮಾಡಬಾರದು. ದೊಡ್ಡ ಪಾತ್ರೆ ಬೇಕು. ಅರ್ಧ ಕಿಲೋ ತರಕಾರಿಗೆ ನಾಲ್ಕು ಲೀಟರ್ ನೀರು. ಜಾಸ್ತಿ ಅನಿಸುತ್ತದೆ, ಅಲ್ವಾ? ಆದರೆ ನೀರು ಕಡಿಮೆಯಾದರೆ ತರಕಾರಿ ಬಿದ್ದ ಕೂಡಲೇ ಕುದಿ ನಿಂತುಹೋಗುತ್ತದೆ. ಒಂದು ನಿಮಿಷದೊಳಗೆ ಮತ್ತೆ ಕುದಿ ಬರಬೇಕು. ಬರದಿದ್ದರೆ ಒಮ್ಮೆಗೆ ಹಾಕಿದ್ದು ಹೆಚ್ಚಾಯಿತು ಅಂತ ಅರ್ಥ. ಮತ್ತೆ ಕುದಿ ಬಂದ ಕ್ಷಣದಿಂದ ಗಡಿಯಾರ ನೋಡಿ. ಬೀನ್ಸ್‌ಗೆ 3 ನಿಮಿಷ. ಬಿಡಿಸಿದ ಬಟಾಣಿಗೆ ಒಂದೂವರೆ ನಿಮಿಷ. ಪಾಲಕ್‌ನಂಥ ಸೊಪ್ಪಿಗೆ 2 ನಿಮಿಷ. ಸಣ್ಣ ಬೆಂಡೆಕಾಯಿಗೆ 3, ದಪ್ಪಗಿದ್ದರೆ 4. ಬೆಂಡೆಯನ್ನು ಇಡಿಯಾಗಿಯೇ ಹಾಕಿ, ತೊಟ್ಟು ತೆಗೆಯುವಾಗ ಬೀಜದ ಕೋಶ ಕತ್ತರಿಸದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಲೋಳೆ ನೀರಿಗೆಲ್ಲ ಇಳಿಯುತ್ತದೆ. ಹೂಕೋಸಿನ ಎಸಳಿಗೆ 3 ನಿಮಿಷ, ಬಿಲ್ಲೆ ಹೆಚ್ಚಿದ ಕ್ಯಾರೆಟ್‌ಗೆ 2. ಜೋಳದ ಕಾಳು ಬೇಕೆಂದರೆ ತೆನೆಯನ್ನೇ 4 ನಿಮಿಷ ಕುದಿಸಿ, ಆರಿಸಿ, ಆಮೇಲೆ ಚಾಕುವಿನಿಂದ ಕಾಳು ಇಳಿಸಿ. ಸಮುದ್ರಮಟ್ಟದಿಂದ 1500 ಮೀಟರ್‌ಗಿಂತ ಎತ್ತರದಲ್ಲಿ ಇರುವವರು ಎಲ್ಲಕ್ಕೂ ಒಂದು ನಿಮಿಷ ಸೇರಿಸಿಕೊಳ್ಳಿ, ಅಲ್ಲಿ ನೀರು ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಹೊತ್ತು ಕಡಿಮೆ ಮಾಡುವುದು, ಮಾಡದೇ ಇರುವುದಕ್ಕಿಂತ ಕೆಟ್ಟದ್ದು. ಅರೆಬರೆ ಬಿಸಿ ತಾಗಿದರೆ ಕಿಣ್ವಗಳು ಸಾಯುವ ಬದಲು ಇನ್ನಷ್ಟು ಚುರುಕಾಗುತ್ತವೆ. ಹೊತ್ತು ಜಾಸ್ತಿಯಾದರೆ ತರಕಾರಿ ಬೆಂದೇ ಹೋಗುತ್ತದೆ, ಸತ್ವ ನೀರಿಗಿಳಿಯುತ್ತದೆ. ಅಂದಾಜಿನಲ್ಲಿ ಮಾಡುವ ಕೆಲಸ ಇದಲ್ಲ.

ಬೀನ್ಸ್ ಕುದಿನೀರಿಗೆ ಬಿದ್ದಾಗ ಒಮ್ಮೆ ಬಗ್ಗಿ ನೋಡಿ. ಅರ್ಧ ನಿಮಿಷದಲ್ಲಿ ಬಣ್ಣ ಹೊಳೆಯತೊಡಗುತ್ತದೆ, ಹಸಿಯಾಗಿದ್ದಾಗ ಇದ್ದುದಕ್ಕಿಂತ ಗಾಢವಾದ, ತಿಳಿಯಾದ ಹಸಿರು. ಜೀವಕೋಶಗಳ ನಡುವೆ ಸಿಕ್ಕಿಕೊಂಡಿದ್ದ ಗಾಳಿ ಹೊರಗೆ ಹೋಗಿ ಒಳಗಿನ ಹಸಿರು ನೇರವಾಗಿ ಕಣ್ಣಿಗೆ ಕಾಣುವುದರಿಂದ ಹಾಗಾಗುತ್ತದೆ. ಸಣ್ಣ ಸಣ್ಣ ಗುಳ್ಳೆಗಳು ಕಾಯಿಯ ಮೈಯಿಂದ ಎದ್ದು ಬರುವುದೂ ಕಾಣುತ್ತದೆ. ಎಷ್ಟು ವರ್ಷ ಮಾಡಿದರೂ ನನಗೆ ಆ ನೋಟ ಹಳತಾಗಿಲ್ಲ.

ಹೊತ್ತು ಮುಗಿದ ಕೂಡಲೇ ಜಾಲರಿ ಸೌಟಿನಲ್ಲಿ ಎತ್ತಿ ಐಸ್ ನೀರಿಗೆ ಹಾಕಬೇಕು. ಎಷ್ಟು ನಿಮಿಷ ಕುದಿಸಿದೆವೋ ಅಷ್ಟೇ ನಿಮಿಷ ತಣ್ಣಗೆ ಇಡಬೇಕು. ಐಸ್ ಧಾರಾಳವಾಗಿರಲಿ. ಹಿಂದಿನ ದಿನವೇ ಎರಡು ಮೂರು ಡಬ್ಬಿ ನೀರು ಹೆಪ್ಪುಗಟ್ಟಿಸಿ ಇಟ್ಟುಕೊಂಡರೆ ಒಳ್ಳೆಯದು. ಆಮೇಲೆ ನೀರು ಬಸಿಯುವುದು, ಒರೆಸುವುದು. ಹೆಚ್ಚಿನವರು ಬೇಸತ್ತು ಬಿಟ್ಟುಬಿಡುವ ಹಂತ ಇದೇ. ದಯವಿಟ್ಟು ಬಿಡಬೇಡಿ. ಒಣ ಬಟ್ಟೆ ಹಾಸಿ ತರಕಾರಿ ಹರಡಿ, ಮೇಲೊಂದು ಬಟ್ಟೆ ಹಾಕಿ ಹಗುರವಾಗಿ ಒತ್ತಿ. ಹೊರಗೆ ಉಳಿದ ಒಂದೊಂದು ಹನಿಯೂ ಫ್ರೀಜರ್‌ನಲ್ಲಿ ಅಂಟಿನ ಕೆಲಸ ಮಾಡುತ್ತದೆ. ನನ್ನ ಮೊದಲ ವರ್ಷದ ಕಲ್ಲುಮುದ್ದೆ ಆದದ್ದೇ ಹಾಗೆ.

ಒರೆಸಿದ ತರಕಾರಿಯನ್ನು ನೇರವಾಗಿ ಚೀಲಕ್ಕೆ ತುಂಬುವ ಬದಲು ಅಗಲ ತಟ್ಟೆಯಲ್ಲಿ ಒಂದಕ್ಕೊಂದು ತಾಗದ ಹಾಗೆ ಹರಡಿ ಫ್ರೀಜರ್‌ನಲ್ಲಿಡಿ. ಒಂದೆರಡು ಗಂಟೆಯಲ್ಲಿ ಬಿಡಿಬಿಡಿಯಾಗಿ ಗಟ್ಟಿಯಾಗುತ್ತದೆ. ಆಮೇಲೆ ಚೀಲಕ್ಕೆ ಹಾಕಿದರೆ ಬೇಕಾದಾಗ ಒಂದು ಹಿಡಿ ಮಾತ್ರ ತೆಗೆದುಕೊಳ್ಳಬಹುದು. ಇದಕ್ಕೆ ಇನ್ನೊಂದು ಲಾಭವೂ ಇದೆ. ಹರಡಿದ್ದು ಬೇಗ ಹೆಪ್ಪುಗಟ್ಟುತ್ತದೆ. ನಿಧಾನವಾಗಿ ಹೆಪ್ಪುಗಟ್ಟಿದರೆ ಒಳಗೆ ದೊಡ್ಡ ದೊಡ್ಡ ಮಂಜುಹರಳು ಬೆಳೆದು ಜೀವಕೋಶದ ಗೋಡೆ ಚುಚ್ಚುತ್ತವೆ. ಕರಗಿದಾಗ ನೀರೆಲ್ಲ ಸೋರಿ ತರಕಾರಿ ಮೆತ್ತಗಾಗುವುದು ಅದಕ್ಕೇ. ಬೇಗ ಹೆಪ್ಪುಗಟ್ಟಿದರೆ ಹರಳು ಸಣ್ಣದು, ಪೆಟ್ಟೂ ಸಣ್ಣದು.

ಅಮೆರಿಕದ ಕ್ಲಾರೆನ್ಸ್ ಬರ್ಡ್ಸ್‌ಐ ಎನ್ನುವವರು ಈ ಗುಟ್ಟನ್ನು ಕಲಿತದ್ದು ಈಗ ಕೆನಡಾಕ್ಕೆ ಸೇರಿರುವ ಲ್ಯಾಬ್ರಡಾರ್‌ನಲ್ಲಿ. 1912ರಲ್ಲಿ ಅಲ್ಲಿಗೆ ಹೋದವರು ಕೆಲವು ವರ್ಷ ಅಲ್ಲಿದ್ದರು. ಅಲ್ಲಿನ ಇನ್ಯೂಟ್ ಜನ ಕೊರೆಯುವ ಚಳಿಗಾಳಿಯಲ್ಲಿ ಹಿಡಿದ ಮೀನು ಕ್ಷಣದಲ್ಲಿ ಗಟ್ಟಿಯಾಗುವುದನ್ನು, ತಿಂಗಳುಗಳ ನಂತರ ಬೇಯಿಸಿದರೂ ಹೊಸ ಮೀನಿನ ರುಚಿ ಇರುವುದನ್ನು ಅವರು ಕಂಡರು. 1930ರ ಮಾರ್ಚ್‌ನಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನ ಅಂಗಡಿಗಳಲ್ಲಿ ಅವರ ಹೆಸರಿನ ಹೆಪ್ಪುಗಟ್ಟಿಸಿದ ಆಹಾರ ಮಾರಾಟಕ್ಕೆ ಬಂತು. ಆ ಬುದ್ಧಿ ಮೂಲದಲ್ಲಿ ಇನ್ಯೂಟರದು ಎನ್ನುವುದನ್ನು ನಾವು ನೆನಪಿಡಬೇಕು ಅಂತ ನನಗನಿಸುತ್ತದೆ.

ನಮ್ಮ ಮನೆಯ ಫ್ರೀಜರ್‌ಗೆ ಆ ಗಾಳಿಯ ಶಕ್ತಿ ಇಲ್ಲ. ಅದಕ್ಕೇ ಒಂದೇ ದಿನ ಅದರ ಮೇಲೆ ಹೊರೆ ಹೇರಬಾರದು. ನೂರು ಲೀಟರ್ ಜಾಗದ ಫ್ರೀಜರ್‌ಗೆ ದಿನಕ್ಕೆ ಮೂರರಿಂದ ಐದು ಕಿಲೋ ಹೊಸ ಸಾಮಾನು ಸಾಕು. ಅದಕ್ಕಿಂತ ಹೆಚ್ಚು ತುಂಬಿದರೆ ಒಳಗಿನ ಚಳಿಯೇ ಇಳಿದು, ಮೊದಲಿಂದ ಇದ್ದದ್ದಕ್ಕೂ ತೊಂದರೆ. ಒಳಗೆ ಮೈನಸ್ 18 ಡಿಗ್ರಿ ಸೆಲ್ಸಿಯಸ್ ಇರಬೇಕು. ಗುಂಡಿಯ ಮೇಲಿನ ಅಂಕಿ ನಂಬಿ ಕೂರಬೇಡಿ. ಒಂದು ಸಣ್ಣ ಥರ್ಮಾಮೀಟರ್ ತಂದು ಒಳಗಿಟ್ಟು ನೋಡಿ.

ಈಗ ಸೊಪ್ಪಿನ ವಿಷಯ. ಇದೇ ನನಗೆ ಹೆಚ್ಚು ಪ್ರೀತಿಯದ್ದು.

ಕೊಯ್ಯಲು ಒಳ್ಳೆಯ ಹೊತ್ತು ಬೆಳಿಗ್ಗೆ, ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮೊದಲು. ಗಿಡ ಹೂ ಬಿಡುವ ಮುಂಚೆಯೇ ಕೊಯ್ಯಬೇಕು. ಹೂ ಬಂದ ಮೇಲೆ ಗಿಡದ ಗಮನ ಬೀಜದ ಕಡೆ ಹೋಗುತ್ತದೆ, ಎಲೆ ಕಹಿಯಾಗುತ್ತದೆ. ಕೊತ್ತಂಬರಿ, ಸಬ್ಬಸಿಗೆ ಈ ವಿಷಯದಲ್ಲಿ ತುಂಬ ಅವಸರದವು. ಬಿಸಿಲು ಜೋರಾದರೆ ಒಂದು ವಾರದಲ್ಲೇ ನೆಟ್ಟಗೆ ಕಾಂಡ ಏರಿಸಿಬಿಡುತ್ತವೆ. ಆ ಕಾಂಡ ಮೇಲೇಳುವುದು ಕಂಡ ದಿನವೇ ಕತ್ತರಿ ಹಿಡಿಯಿರಿ.

ಪರಿಮಳದ ಸೊಪ್ಪನ್ನು ಕುದಿಸುವ ಅಗತ್ಯ ಸಾಮಾನ್ಯವಾಗಿ ಇಲ್ಲ. ತೊಳೆದು, ನೀರು ಕೊಡವಿ, ಬಟ್ಟೆಯ ಮೇಲೆ ಆರಲು ಬಿಡಿ. ಕೊತ್ತಂಬರಿ, ಪುದೀನ, ಪಾರ್ಸ್ಲಿಯನ್ನು ಅಡುಗೆಗೆ ಹೆಚ್ಚುವಷ್ಟೇ ಸಣ್ಣಗೆ ಹೆಚ್ಚಿ. ಐಸ್ ಟ್ರೇಯ ಒಂದೊಂದು ಗುಳಿಗೂ ಮುಕ್ಕಾಲು ಭಾಗ ಸೊಪ್ಪು ಒತ್ತಿ ತುಂಬಿ, ಮೇಲಿಂದ ಸೊಪ್ಪು ಮುಳುಗುವಷ್ಟು ತಣ್ಣೀರು ಹುಯ್ಯಿರಿ. ಎಲೆ ತೇಲಿ ಮೇಲೆ ಬರುತ್ತದೆ. ಬೆರಳಿನಿಂದ ಒತ್ತಿ ಕೆಳಗೆ ತಳ್ಳಬೇಕು, ಏಕೆಂದರೆ ಗಾಳಿಗೆ ಸಿಕ್ಕ ಎಲೆ ಕಪ್ಪಾಗುತ್ತದೆ. ಮಾರನೇ ದಿನ ಟ್ರೇಯನ್ನು ತಿರುಚಿದರೆ ಹಸಿರು ಬಿಲ್ಲೆಗಳು ಟಕಟಕ ಅಂತ ಬೀಳುತ್ತವೆ. ಅವನ್ನು ಚೀಲಕ್ಕೆ ಹಾಕಿಡಿ. ಒಂದು ಬಿಲ್ಲೆಯಲ್ಲಿ ಎಷ್ಟು ಚಮಚ ಸೊಪ್ಪಿದೆ ಅಂತ ಒಮ್ಮೆ ಅಳೆದು ಚೀಲದ ಮೇಲೆ ಬರೆದುಬಿಟ್ಟರೆ ಅಡುಗೆ ಮಾಡುವಾಗ ಯೋಚಿಸಬೇಕಾಗಿಲ್ಲ. ಕುದಿಯುವ ಪಾತ್ರೆಗೆ ಒಂದು ಬಿಲ್ಲೆ ಹಾಕಿದ ಕೂಡಲೇ ಮುಚ್ಚಳದ ಸಂದಿಯಿಂದ ಬೇಸಿಗೆಯ ವಾಸನೆ ಬರುತ್ತದೆ. ಹೊರಗೆ ಹಿಮ ಬೀಳುತ್ತಿರುವಾಗ ಅದಕ್ಕೆ ಸಮ ಯಾವುದಿದೆ ಹೇಳಿ!

ಬೇಸಿಲ್ ಸ್ವಲ್ಪ ಸೂಕ್ಷ್ಮ. ಹಾಗೇ ಹಾಕಿದರೆ ಎಲೆ ಕಪ್ಪಾಗುತ್ತದೆ. ಕುದಿನೀರಲ್ಲಿ ಕೆಲವೇ ಸೆಕೆಂಡು ಅದ್ದಿ ಐಸ್ ನೀರಿಗೆ ಹಾಕಿದರೆ ಹಸಿರು ನಿಲ್ಲುತ್ತದೆ. ಇಲ್ಲವೇ ಎಣ್ಣೆಯಲ್ಲಿ ರುಬ್ಬಿ ಟ್ರೇಗೆ ಹಾಕಬಹುದು. ಎಣ್ಣೆ ಎಲೆಯ ಸುತ್ತ ಗಾಳಿ ಬಾರದಂತೆ ತಡೆಯುತ್ತದೆ.

ಎಣ್ಣೆಯ ವಿಷಯದಲ್ಲಿ ಎಚ್ಚರ ತಪ್ಪಬಾರದು. ಹಸಿ ಸೊಪ್ಪು, ಬೆಳ್ಳುಳ್ಳಿ ಇವುಗಳ ಮೇಲೆ ಮಣ್ಣಿನಿಂದ ಬಂದ ಬೊಟುಲಿನಮ್ ಬ್ಯಾಕ್ಟೀರಿಯಾದ ಬೀಜಕಣ ಇರಬಹುದು. ಎಣ್ಣೆಯೊಳಗೆ ಗಾಳಿ ಇರುವುದಿಲ್ಲ, ಹುಳಿಯೂ ಇಲ್ಲ. ಕೋಣೆಯ ಬಿಸಿಯಲ್ಲಿ ಇಟ್ಟರೆ ಅದಕ್ಕೆ ಬೆಳೆಯಲು ಬೇಕಾದದ್ದೆಲ್ಲ ಅಲ್ಲೇ ಇದೆ. ಅದು ಉಂಟುಮಾಡುವ ವಿಷ ಜೀವಕ್ಕೇ ಅಪಾಯ, ವಾಸನೆಯಿಂದಲೋ ಬಣ್ಣದಿಂದಲೋ ಗೊತ್ತಾಗುವುದಿಲ್ಲ. ಹಾಗಾಗಿ ರುಬ್ಬಿದ ತಕ್ಷಣ ಫ್ರೀಜರ್‌ಗೆ ಹೋಗಬೇಕು. ಹೊರಗೆ ತೆಗೆದ ಬಿಲ್ಲೆ ನೇರವಾಗಿ ಬಾಣಲೆಗೆ. ಕಟ್ಟೆಯ ಮೇಲೆ ಕರಗಲು ಬಿಟ್ಟು ಮರೆಯುವಂತಿಲ್ಲ.

ರೋಸ್‌ಮೇರಿ, ಥೈಮ್‌ನಂಥ ಗಟ್ಟಿ ಎಲೆಯ ಗಿಡಗಳಿಗೆ ಇಷ್ಟೆಲ್ಲ ಬೇಡ. ಕಡ್ಡಿಯ ಸಮೇತ ಚೀಲಕ್ಕೆ ಹಾಕಿಟ್ಟರೆ ಸಾಕು. ಗಟ್ಟಿಯಾದ ಮೇಲೆ ಚೀಲದ ಹೊರಗಿನಿಂದ ಉಜ್ಜಿದರೆ ಎಲೆ ತಾನೇ ಉದುರುತ್ತದೆ. ಇವು ಒಣಗಿಸಲೂ ಚೆನ್ನಾಗಿವೆ, ಫ್ರೀಜರ್‌ನಲ್ಲಿ ಜಾಗ ಕಡಿಮೆ ಇದ್ದರೆ ಇವನ್ನು ಒಣಗಿಸಿಯೇ ಇಡಿ.

ಟೊಮ್ಯಾಟೊ ಬೆಳೆದವರು ಪುಣ್ಯವಂತರು. ತೊಳೆದು, ಒರೆಸಿ, ತೊಟ್ಟಿನ ಭಾಗ ತೆಗೆದು ಇಡಿಯಾಗಿ ಹಾಕಿದರೆ ಆಯಿತು. ಬೇಕಾದಾಗ ತೆಗೆದು ಬೆಚ್ಚನೆ ನೀರಿನಡಿ ಹಿಡಿದರೆ ಸಿಪ್ಪೆ ಅಂಗಿ ಕಳಚಿದ ಹಾಗೆ ಬರುತ್ತದೆ. ಅಡುಗೆಗೆ ಮಾತ್ರ, ಹಸಿ ತಿನ್ನಲು ಆಗುವುದಿಲ್ಲ. ಹಸಿಮೆಣಸಿನಕಾಯಿ, ಕ್ಯಾಪ್ಸಿಕಂ, ಈರುಳ್ಳಿಗೂ ಕುದಿಸುವ ಕೆಲಸವಿಲ್ಲ. ಜುಕಿನಿ ತುರಿದು ಒಂದೆರಡು ನಿಮಿಷ ಹಬೆಯಲ್ಲಿಟ್ಟು, ಆರಿಸಿ, ಅಳತೆ ಮಾಡಿ ಸಣ್ಣ ಚೀಲಗಳಲ್ಲಿ ತುಂಬಿ. ಸೌತೆಕಾಯಿ, ಲೆಟಿಸ್, ಮೂಲಂಗಿಯನ್ನು ಮಾತ್ರ ಬಿಟ್ಟುಬಿಡಿ. ಅವುಗಳಲ್ಲಿ ನೂರಕ್ಕೆ 95ರಷ್ಟು ನೀರೇ. ಕರಗಿದ ಮೇಲೆ ಕೈಗೆ ಸಿಗುವುದು ಒದ್ದೆ ಚಿಂದಿ.

ತುಂಬುವಾಗ ಗಾಳಿಯನ್ನು ಓಡಿಸುವುದೇ ಮುಖ್ಯ. ಚೀಲದೊಳಗೆ ಗಾಳಿ ಉಳಿದರೆ ತರಕಾರಿಯ ಮೈಯ ಮಂಜು ನೀರಾಗದೆ ನೇರ ಆವಿಯಾಗಿ ಹೋಗುತ್ತದೆ, ಆ ಜಾಗ ಬಿಳಿಚಿ ಒಣಗುತ್ತದೆ. ತಿಂದರೆ ಅಪಾಯವಿಲ್ಲ, ರುಚಿ ಮಾತ್ರ ಇರುವುದಿಲ್ಲ. ಜಿಪ್ ಚೀಲದ ಮೂಲೆಯಲ್ಲಿ ಒಂದು ಸ್ಟ್ರಾ ತೂರಿಸಿ ಗಾಳಿ ಎಳೆದು ಮುಚ್ಚಬಹುದು. ಚೀಲವನ್ನು ಪುಸ್ತಕದ ಹಾಗೆ ಚಪ್ಪಟೆ ಮಾಡಿ ಮಲಗಿಸಿದರೆ ಬೇಗ ಗಟ್ಟಿಯಾಗುತ್ತದೆ, ಆಮೇಲೆ ಸಾಲಾಗಿ ನಿಲ್ಲಿಸಲೂ ಬಹುದು. ಗಾಜಿನ ಜಾಡಿಗೆ ನೀರು ನೀರಾದದ್ದು ತುಂಬುವವರು ಮೇಲೆ ಎರಡು ಮೂರು ಸೆಂಟಿಮೀಟರ್ ಖಾಲಿ ಬಿಡಿ. ನೀರು ಹೆಪ್ಪುಗಟ್ಟುವಾಗ ನೂರಕ್ಕೆ 9ರಷ್ಟು ಹಿಗ್ಗುತ್ತದೆ, ಜಾಗ ಸಿಗದಿದ್ದರೆ ಗಾಜು ಒಡೆಯುತ್ತದೆ. ಕತ್ತು ಕಿರಿದಾದ ಜಾಡಿ ಬೇಡವೇ ಬೇಡ.

ಹೆಸರು, ತಾರೀಕು ಬರೆಯಿರಿ. ಇವತ್ತು ನೆನಪಿರುತ್ತದೆ. ನಾಲ್ಕು ತಿಂಗಳಾದ ಮೇಲೆ ಪಾಲಕ್ ಯಾವುದು, ಮೆಂತ್ಯ ಯಾವುದು ಅಂತ ಮಂಜು ಹಿಡಿದ ಚೀಲದ ಹೊರಗಿನಿಂದ ಹೇಳುವುದು ಕಷ್ಟ. ಮೈನಸ್ 18ರಲ್ಲಿ ಇದ್ದ ತರಕಾರಿಯ ರುಚಿ ಎಂಟರಿಂದ ಹನ್ನೆರಡು ತಿಂಗಳು ಚೆನ್ನಾಗಿರುತ್ತದೆ. ಅಂದರೆ ಮುಂದಿನ ಬೇಸಿಗೆಯ ಮೊದಲ ಕೊಯ್ಲಿನವರೆಗೆ. ಬಳಸುವಾಗ ಕರಗಿಸಬೇಡಿ, ಗಟ್ಟಿಯಾಗಿರುವಾಗಲೇ ಬಿಸಿ ಪಾತ್ರೆಗೆ ಹಾಕಿ. ಒಮ್ಮೆ ಕುದಿನೀರು ಕಂಡದ್ದರಿಂದ ಹಸಿ ತರಕಾರಿಗಿಂತ ಬೇಗ ಬೇಯುತ್ತದೆ.

ಚಳಿ ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ, ಮಲಗಿಸುತ್ತದೆ ಅಷ್ಟೇ. ಕರಗಿದ ಕೂಡಲೇ ಅವು ಏಳುತ್ತವೆ. ಅದಕ್ಕೇ ಕರೆಂಟ್ ಹೋದಾಗ ಫ್ರೀಜರ್ ಬಾಗಿಲು ತೆಗೆಯದೆ ಇರಬೇಕು. ತುಂಬಿದ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಡೆಯುತ್ತದೆ. ನಾವು ಊರಿಗೆ ಹೋಗಿ ವಾರಗಟ್ಟಲೆ ಮನೆಯಲ್ಲಿ ಇರುವುದಿಲ್ಲವಲ್ಲ, ಅಂಥವರಿಗೊಂದು ಉಪಾಯ. ಒಂದು ಲೋಟ ನೀರು ಹೆಪ್ಪುಗಟ್ಟಿಸಿ ಮೇಲೊಂದು ನಾಣ್ಯ ಇಟ್ಟು ಹೋಗಿ. ಬಂದಾಗ ನಾಣ್ಯ ಮೇಲೇ ಇದ್ದರೆ ಎಲ್ಲ ಸರಿ. ತಳ ಸೇರಿ ಅಲ್ಲಿ ಹೆಪ್ಪುಗಟ್ಟಿದ್ದರೆ ನಡುವೆ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ, ತಿನ್ನಬೇಡಿ.

ನಿಮ್ಮ ನಿಮ್ಮ ಹಿತ್ತಿಲಿನ ಅನುಭವ, ಈ ಅಳತೆಗಳಲ್ಲಿ ನೀವು ಮಾಡಿಕೊಂಡ ಹೊಂದಾಣಿಕೆ, ನಿಮಗೆ ಕೆಟ್ಟದ್ದು ಯಾವುದು, ಉಳಿದದ್ದು ಯಾವುದು ಎಂದು ನನಗೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಒಂದು ಪುಟ ಅದಕ್ಕೇ ಇಟ್ಟಿದ್ದೇನೆ. ಕುಂಡದಲ್ಲಿ ಎರಡೇ ಗಿಡ ಬೆಳೆದವರ ಪತ್ರವೂ ಬೇಕು.

ನನ್ನ ಬೀನ್ಸ್ ಬಳ್ಳಿಯಲ್ಲಿ ನಾಳೆಗೆ ಇನ್ನೊಂದು ಬುಟ್ಟಿ ಕಾಯಿ ಸಿದ್ಧವಿದೆ. ಐಸ್ ಡಬ್ಬಿಗಳನ್ನು ಈಗಲೇ ಒಳಗಿಟ್ಟು ಬಂದೆ. ಬೆಳಿಗ್ಗೆ ನೀರು ಒಲೆಯ ಮೇಲಿಟ್ಟೇ ಕೊಯ್ಯಲು ಇಳಿಯುತ್ತೇನೆ.

ನಿಮ್ಮ ಸಂಪಾದಕ